ಮೂಳೆಯೊಳಗಿನ ದಾರಿ: ಆಂಬುಲೆನ್ಸಿಗೆ ಬಂದ ಮಜ್ಜೆ ಸೂಜಿಯ ಇತಿಹಾಸ

ಹೃದಯ ನಿಂತ ರೋಗಿಗೆ, ರಕ್ತ ಸುರಿದು ಮೈ ತಣ್ಣಗಾದ ಗಾಯಾಳುವಿಗೆ ಔಷಧಿಯನ್ನೋ ಸಲೈನನ್ನೋ ಕೊಡಬೇಕು, ಆದರೆ ತೋಳಿನಲ್ಲಿ ರಕ್ತನಾಳ ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಮೂಳೆಯ ಮಜ್ಜೆಗೇ ಸೂಜಿ ಇಳಿಸಿ ಅಲ್ಲಿಂದ ರಕ್ತಕ್ಕೆ ದಾರಿ ಮಾಡಿಕೊಳ್ಳುವ ವಿಧಾನವನ್ನು ವೈದ್ಯಕೀಯದಲ್ಲಿ ಇಂಟ್ರಾಆಸಿಯಸ್ ಮಾರ್ಗ ಎನ್ನುತ್ತಾರೆ. ಆಂಬುಲೆನ್ಸ್ ಸಿಬ್ಬಂದಿ ಚಿಕ್ಕದಾಗಿ ‘ಐಓ’ ಎನ್ನುತ್ತಾರೆ. ಅಮೆರಿಕ, ಬ್ರಿಟನ್, ಡೆನ್ಮಾರ್ಕ್, ತೈವಾನ್‌ಗಳ ಪ್ಯಾರಾಮೆಡಿಕ್‌ಗಳಿಗೆ ಇಂದು ಇದು ಕಲಿಯಲೇಬೇಕಾದ ಕೈಕೆಲಸ. ಬ್ಯಾಟರಿಯಿಂದ ತಿರುಗುವ ಪುಟ್ಟ ಡ್ರಿಲ್ ನೋಡಿದವರಿಗೆ ಇದು ಹೊಸ ಕಾಲದ ಸಾಧನ ಅನ್ನಿಸುವುದು ಸಹಜ. ಆದರೆ ವಿಧಾನ ಹೊಸದಲ್ಲ. ಅದು ಒಮ್ಮೆ ಬಳಕೆಗೆ ಬಂದು, ಮೂರು ದಶಕ ಬಹುತೇಕ ಮರೆತುಹೋಗಿ, ಮತ್ತೆ ಮಕ್ಕಳ ವಾರ್ಡಿನ ಮೂಲಕ ಬೀದಿಗೆ ಬಂದಿತು. ಮರೆತಾಗ ಅದು ತಪ್ಪೆಂದು ಯಾರೂ ತೋರಿಸಿರಲಿಲ್ಲ. ಮರಳಿದಾಗ ಹೊಸ ಶೋಧವೇನೂ ಆಗಿರಲಿಲ್ಲ. ಸೂಜಿ ಯಾರ ಕೈಯಲ್ಲಿದೆ, ಆ ಕೈ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದೇ ಎರಡು ಸಲವೂ ಅದರ ಗತಿಯನ್ನು ನಿರ್ಧರಿಸಿತು.

ಎದೆಮೂಳೆಯಲ್ಲೂ ಕೈಕಾಲಿನ ಉದ್ದ ಮೂಳೆಗಳ ತುದಿಗಳಲ್ಲೂ ಗಟ್ಟಿ ಹೊರಪದರದ ಒಳಗೆ ಜೇನುಗೂಡಿನಂಥ ಸಡಿಲ ಮೂಳೆ ಇರುತ್ತದೆ. ಅದರ ಸಂದುಗಳಲ್ಲಿ ಮಜ್ಜೆ, ಮಜ್ಜೆಯ ನಡುವೆ ತೆಳುಗೋಡೆಯ ಸೂಕ್ಷ್ಮ ರಕ್ತಕುಹರಗಳು. ಈ ಕುಹರಗಳು ಮೂಳೆಯ ನಡುವಿನ ಅಭಿಧಮನಿಗೆ ಕೂಡಿಕೊಂಡು, ಅಲ್ಲಿಂದ ಮೂಳೆಯ ಗೋಡೆ ದಾಟಿ ಹೊರಗಿನ ದೊಡ್ಡ ಅಭಿಧಮನಿಗಳನ್ನು ಸೇರುತ್ತವೆ. ರಕ್ತದೊತ್ತಡ ಕುಸಿದಾಗ ಮುಂಗೈಯ ಅಭಿಧಮನಿಗಳು ಮುದುಡಿ ಕಣ್ಣಿಗೂ ಬೆರಳಿಗೂ ಸಿಗದಂತಾಗುತ್ತವೆ. ಮೂಳೆಯೊಳಗಿನ ನಾಳಗಳು ಹಾಗೆ ಮುದುಡುವುದಿಲ್ಲ, ಸುತ್ತಲಿನ ಮೂಳೆಯೇ ಅವನ್ನು ತೆರೆದು ಹಿಡಿದಿರುತ್ತದೆ. ಇಡೀ ವಿಧಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ರಕ್ತನಾಳ ಸಿಗದ ಸಂಕಟ, ರಕ್ತನಾಳಕ್ಕೆ ದ್ರವ ಹರಿಸುವ ಚಿಕಿತ್ಸೆಯಷ್ಟೇ ಹಳೆಯದು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲ್ಯಾಟಾ ಕಾಲರಾದಿಂದ ಒಣಗಿ ಸಾಯುತ್ತಿದ್ದವರ ಅಭಿಧಮನಿಗೆ ಉಪ್ಪುನೀರು ಹರಿಸಿದ. ವಾಂತಿಭೇದಿಯಿಂದ ದೇಹದ ನೀರೆಲ್ಲ ಹೋದವರಿಗೆ ರಕ್ತನಾಳದ ದಾರಿ ಎಲ್ಲರಿಗಿಂತ ಹೆಚ್ಚು ಬೇಕು, ಎಲ್ಲರಿಗಿಂತ ಕಷ್ಟದಲ್ಲಿ ಸಿಗುವುದೂ ಅವರಲ್ಲೇ. ಚರ್ಮ ಕೊಯ್ದು ನಾಳವನ್ನು ಹೊರಗೆಳೆದು ಕೊಳವೆ ಸೇರಿಸುವುದು ಆಗಿನ ಉಪಾಯವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೂ ಸೂಜಿಗೆ ನಾಳ ಸಿಗದಿದ್ದರೆ ಶಸ್ತ್ರವೈದ್ಯರು ಮಾಡುತ್ತಿದ್ದುದು ಅದನ್ನೇ. ಅದಕ್ಕೆ ಬೆಳಕು ಬೇಕು, ಚಾಕು ಬೇಕು, ಪಳಗಿದ ಕೈ ಬೇಕು, ಎಲ್ಲಕ್ಕಿಂತ ಸಮಯ ಬೇಕು.

1922ರಲ್ಲಿ ಹಾರ್ವರ್ಡ್‌ನ ಸೆಸಿಲ್ ಡ್ರಿಂಕರ್, ಕ್ಯಾಥರೀನ್ ಡ್ರಿಂಕರ್ ದಂಪತಿ ಮತ್ತು ಚಾರ್ಲ್ಸ್ ಲುಂಡ್ ಸಸ್ತನಿಗಳ ಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದರ ಅಧ್ಯಯನ ಪ್ರಕಟಿಸಿದರು. ಅವರದು ಶರೀರಕ್ರಿಯೆಯ ಕುತೂಹಲ. ಆದರೂ ಮಜ್ಜೆ ಮುಚ್ಚಿದ ಪೆಟ್ಟಿಗೆಯಲ್ಲ, ರಕ್ತಪರಿಚಲನೆಯ ಜೀವಂತ ಭಾಗ ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ದಶಕದ ಕೊನೆಗೆ ಲೆನಿನ್‌ಗ್ರಾಡಿನ ಮಿಖಾಯಿಲ್ ಅರಿಂಕಿನ್ ಎದೆಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನು ಹೀರಿ ಪರೀಕ್ಷಿಸುವ ಸರಳ ಕ್ರಮವನ್ನು ಬಳಕೆಗೆ ತಂದ. ರಕ್ತರೋಗಗಳ ವೈದ್ಯರು ಅದನ್ನು ಬೇಗ ಕಲಿತರು. ಮೂಳೆಯಿಂದ ಹೀರಲು ಕಲಿತ ಕೈಗೆ ಮೂಳೆಗೆ ತುಂಬುವುದು ದೂರದ ಮಾತಾಗಿರಲಿಲ್ಲ. 1934ರಲ್ಲಿ ಸ್ವೀಡನ್ನಿನ ವೈದ್ಯ ಯೋಸೆಫ್‌ಸನ್, ಮಾರಕ ರಕ್ತಹೀನತೆಯ ರೋಗಿಗಳ ಎದೆಮೂಳೆಗೆ ಯಕೃತ್ತಿನ ಸಾರವನ್ನು ಚುಚ್ಚಿದ ವರದಿ ಕೊಟ್ಟ. ಯಕೃತ್ತಿನಿಂದ ಆ ರೋಗ ಗುಣವಾಗುತ್ತದೆಂದು ತೋರಿಸಿದವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಯೋಸೆಫ್‌ಸನ್‌ಗೆ ಮಜ್ಜೆಯೇ ಗುರಿ, ರಕ್ತ ತಯಾರಾಗುವ ಜಾಗಕ್ಕೇ ಮದ್ದು ಮುಟ್ಟಿಸಬೇಕೆಂಬ ಎಣಿಕೆ. ಮಜ್ಜೆಯನ್ನು ಇಡೀ ದೇಹಕ್ಕೆ ಹೋಗುವ ದಾರಿಯಾಗಿ ನೋಡಿದವರು ಇನ್ನೂ ಬರಬೇಕಿತ್ತು.

ಹಾಗೆ ನೋಡಿದವನು ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಲಿಯಾಂಡ್ರೋ ಟೊಕಾಂಟಿನ್ಸ್. ಬ್ರೆಜಿಲ್ ಮೂಲದ ಈ ರಕ್ತತಜ್ಞ 1940ರಲ್ಲಿ ಮೊಲದ ಕಣಕಾಲಿನ ಮೂಳೆಗೆ ಕಾಂಗೋ ರೆಡ್ ಬಣ್ಣ ಚುಚ್ಚಿ, ಅದು ಹೃದಯ ತಲುಪಲು ಎಷ್ಟು ಹೊತ್ತು ಬೇಕೆಂದು ನೋಡಿದ. ಹತ್ತೇ ಸೆಕೆಂಡಿನಲ್ಲಿ ಬಣ್ಣ ಹೃದಯದಲ್ಲಿತ್ತು. ಮುಂದಿನ ವರ್ಷ ಸಹೋದ್ಯೋಗಿ ಓ’ನೀಲ್ ಜೊತೆ ಸೇರಿ ರಕ್ತವನ್ನೂ ಇತರ ದ್ರವಗಳನ್ನೂ ಮಜ್ಜೆಯ ಮೂಲಕ ಮನುಷ್ಯರಿಗೆ ಕೊಟ್ಟ ಅನುಭವವನ್ನು ಬರೆದ. 1942ರಲ್ಲಿ ಅರಿವಳಿಕೆ ತಜ್ಞ ಇಮ್ಯಾನುಯೆಲ್ ಪ್ಯಾಪರ್, ಮಜ್ಜೆಗೆ ಕೊಟ್ಟ ಔಷಧಿ ಹೆಚ್ಚುಕಡಿಮೆ ಅಭಿಧಮನಿಗೆ ಕೊಟ್ಟಷ್ಟೇ ವೇಗದಲ್ಲಿ ರಕ್ತ ಸೇರುತ್ತದೆಂದು ತೋರಿಸಿದ. ಈ ವಿಧಾನದ ವೈಜ್ಞಾನಿಕ ತಳಹದಿ ಅಲ್ಲಿಗೆ ಬಹುಪಾಲು ಮುಗಿದಿತ್ತು. ನಂತರದ ಎಂಬತ್ತು ವರ್ಷಗಳಲ್ಲಿ ಬದಲಾದದ್ದು ಮುಖ್ಯವಾಗಿ ಸಲಕರಣೆ.

ಎರಡನೆಯ ಮಹಾಯುದ್ಧ ಈ ಜ್ಞಾನವನ್ನು ಪ್ರಯೋಗಾಲಯದಿಂದ ಎಳೆದು ತಂದಿತು. ಸ್ಟ್ರೆಚರ್ ಮೇಲೆ, ಕತ್ತಲಲ್ಲಿ, ಚಲಿಸುವ ವಾಹನದಲ್ಲಿ, ಸುಟ್ಟ ಕೈಕಾಲುಗಳ ನಡುವೆ ರಕ್ತನಾಳ ಹುಡುಕುವ ಕೆಲಸ ಆಗ ದಿನನಿತ್ಯದ್ದಾಯಿತು. ಬ್ರಿಟನ್ನಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೇಯ್ಲಿ 1944ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಮಜ್ಜೆಯನ್ನು ದ್ರವ, ರಕ್ತ ಮತ್ತು ಅರಿವಳಿಕೆ ಮದ್ದು ಕೊಡುವ ಜಾಗವಾಗಿ ಬಳಸುವುದರ ಬಗ್ಗೆ ವಿವರವಾಗಿ ಬರೆದ. 1932ರಲ್ಲಿ ಮೆಕ್‌ನೀಲ್ ಲವ್ ಜೊತೆ ಆತ ಬರೆದ ಶಸ್ತ್ರಚಿಕಿತ್ಸೆಯ ಪಠ್ಯ ‘ಬೇಯ್ಲಿ ಅಂಡ್ ಲವ್’ ಎಂದೇ ಹೆಸರಾಗಿ ಇಂದಿಗೂ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ಅದನ್ನು ಓದಿ ಪಾಸಾದವರಲ್ಲಿ ಹೆಚ್ಚಿನವರಿಗೆ ಅದರ ಮೊದಲ ಲೇಖಕ ಎದೆಮೂಳೆಯ ಸೂಜಿಯ ಪ್ರಚಾರಕನೂ ಆಗಿದ್ದನೆಂಬುದು ಗೊತ್ತಿರಲಾರದು. ಅದೇ ವರ್ಷ ಅಮೆರಿಕದಲ್ಲಿ ಹೆನ್ರಿ ಟರ್ಕೆಲ್ ಮತ್ತು ಫ್ರ್ಯಾಂಕ್ ಬೆತೆಲ್ ಮಜ್ಜೆಗೆ ದ್ರವ ಕೊಡುವುದಕ್ಕೆಂದೇ ಸರಳವಾದ ಸಾಧನವೊಂದನ್ನು ಯುದ್ಧವೈದ್ಯಕೀಯದ ಪತ್ರಿಕೆಯಲ್ಲಿ ವಿವರಿಸಿದರು. ಯುದ್ಧಕಾಲದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಈ ವಿಧಾನ ಬಳಸಿದ ವರದಿಗಳಿವೆಯೆಂದು ನಂತರದ ಸಮೀಕ್ಷೆಗಳು ಹೇಳುತ್ತವೆ.

ಆ ಕಾಲದ ವಯಸ್ಕರಿಗೆ ಸೂಜಿ ಹೋಗುತ್ತಿದ್ದುದು ಹೆಚ್ಚಾಗಿ ಎದೆಮೂಳೆಗೆ. ಕಾರಣ ಸರಳ. ಬೆಳೆದವರ ಕಣಕಾಲಿನ ಮೂಳೆಯ ಹೊರಪದರ ದಪ್ಪ, ಕೈಯಿಂದ ತಿರುವಿ ಇಳಿಸುವ ಸೂಜಿ ಅಲ್ಲಿ ಸೋಲುತ್ತಿತ್ತು ಅಥವಾ ಬಾಗುತ್ತಿತ್ತು. ಅಲ್ಲದೆ ವಯಸ್ಸಾದಂತೆ ಕೈಕಾಲಿನ ಮೂಳೆಗಳ ಕೆಂಪು ಮಜ್ಜೆಯ ಜಾಗವನ್ನು ಕೊಬ್ಬು ತುಂಬಿದ ಹಳದಿ ಮಜ್ಜೆ ಆಕ್ರಮಿಸುತ್ತದೆ. ಎದೆಮೂಳೆಯಲ್ಲಿ ಹೊರಪದರ ತೆಳು, ಕೆಂಪು ಮಜ್ಜೆ ಕೊನೆಯವರೆಗೂ ಉಳಿದಿರುತ್ತದೆ. ಅಪಾಯ ಇದ್ದುದು ಹಿಂಭಾಗದಲ್ಲಿ. ಎದೆಮೂಳೆಯ ಬೆನ್ನಿಗೇ ಹೃದಯವೂ ದೊಡ್ಡ ರಕ್ತನಾಳಗಳೂ ಇವೆ. ಸೂಜಿ ಎರಡೂ ಪದರ ದಾಟಿ ಒಳನುಗ್ಗಿದರೆ ಸಾವು. ಅದಕ್ಕೆಂದೇ ಎದೆಮೂಳೆಯ ಸೂಜಿಗಳಿಗೆ ಇಂತಿಷ್ಟೇ ಆಳಕ್ಕೆ ಇಳಿಯುವಂತೆ ಅಡ್ಡಪಟ್ಟಿ ಜೋಡಿಸುತ್ತಿದ್ದರು. ಮಕ್ಕಳಲ್ಲಿ ಎದೆಮೂಳೆ ತೀರ ತೆಳುವಾದ್ದರಿಂದ ಅವರಿಗೆ ಕಣಕಾಲಿನ ಮೂಳೆಯೇ ರೂಢಿಗೆ ಬಂತು. 1947ರಲ್ಲಿ ಕೋಪನ್‌ಹೇಗನ್‌ನ ಹೈನಿಲ್ಡ್ ಮತ್ತು ಸಂಗಡಿಗರು ಮಕ್ಕಳಿಗೆ ಕೊಟ್ಟ ಸುಮಾರು ಒಂದು ಸಾವಿರ ಮಜ್ಜೆ ಡ್ರಿಪ್‌ಗಳ ಅನುಭವ ಬರೆದಾಗ ವಿಫಲವಾದವು ಕೆಲವೇ, ಮೂಳೆಗೆ ಸೋಂಕಾದ ಮಕ್ಕಳು ಬೆರಳೆಣಿಕೆಯಷ್ಟು.

ಇಷ್ಟೆಲ್ಲ ಪುರಾವೆ ಇದ್ದೂ 1950ರ ದಶಕದಲ್ಲಿ ವಿಧಾನ ಮರೆಯಾಯಿತು. ಅದನ್ನು ಬದಿಗೆ ಸರಿಸಿದ್ದು ಪ್ಲಾಸ್ಟಿಕ್. ಅಲ್ಲಿಯವರೆಗೆ ಅಭಿಧಮನಿಯಲ್ಲಿ ಉಳಿಯುತ್ತಿದ್ದುದು ಲೋಹದ ಸೂಜಿ. ರೋಗಿ ಕೈ ಮಡಚಿದರೆ ಅದು ನಾಳವನ್ನು ತೂತು ಮಾಡಿ ಹೊರಬರುತ್ತಿತ್ತು, ಮತ್ತೆ ಚುಚ್ಚಬೇಕಿತ್ತು. 1950ರಲ್ಲಿ ಮೇಯೋ ಕ್ಲಿನಿಕ್ಕಿನ ಡೇವಿಡ್ ಮಾಸಾ ರೂಪಿಸಿದ ‘ರಾಚೆಸ್ಟರ್ ಸೂಜಿ’ಯಲ್ಲಿ ಲೋಹದ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ಇತ್ತು. ನಾಳದೊಳಗೆ ಹೊಕ್ಕ ಮೇಲೆ ಸೂಜಿಯನ್ನು ಹಿಂದೆ ಎಳೆದು ಮೆತ್ತನೆಯ ಕೊಳವೆಯನ್ನಷ್ಟೇ ಬಿಡಬಹುದಿತ್ತು. ಇಂದು ಪ್ರತಿ ಆಸ್ಪತ್ರೆಯಲ್ಲೂ ಕಾಣುವ ಕ್ಯಾನುಲಾದ ಪೂರ್ವಜ ಅದೇ. ಎರಡು ವರ್ಷದಲ್ಲಿ ಫ್ರಾನ್ಸಿನ ಓಬಾನಿಯಾಕ್ ಕೊರಳೆಲುಬಿನಡಿಯ ದೊಡ್ಡ ಅಭಿಧಮನಿಗೆ ಸೂಜಿ ಹಾಕುವ ಕ್ರಮ ಹೇಳಿಕೊಟ್ಟ, 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತಂತಿಯ ಮೇಲಿಂದ ಕೊಳವೆ ಜಾರಿಸುವ ತಂತ್ರ ಕೊಟ್ಟ. ಬೆಳಕು, ಮೇಜು, ಸಹಾಯಕರು ಇರುವ ಆಸ್ಪತ್ರೆಯಲ್ಲಿ ಇವೆಲ್ಲ ಇದ್ದ ಮೇಲೆ ಮೂಳೆಗೆ ಚುಚ್ಚುವ ಪ್ರಮೇಯವೇ ಬರಲಿಲ್ಲ. ಒಂದು ತಲೆಮಾರಿನ ವೈದ್ಯರು ಅದನ್ನು ಕಲಿಯದೆಯೇ ಕೆಲಸಕ್ಕೆ ಸೇರಿದರು, ಕಲಿಸುವವರೂ ನಿವೃತ್ತರಾದರು. ಕೈಯಿಂದ ಕೈಗೆ ದಾಟಬೇಕಾದ ಕೆಲಸ ಹಾಗೆ ಕಳೆದುಹೋಗುತ್ತದೆ.

ಅದೇ ವರ್ಷಗಳಲ್ಲಿ ಚಿಕಿತ್ಸೆ ಆಸ್ಪತ್ರೆಯ ಗೋಡೆ ದಾಟಲು ತೊಡಗಿತ್ತು. 1960ರಲ್ಲಿ ಬಾಲ್ಟಿಮೋರಿನ ಕೌವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆ ತೆರೆಯದೆ ಹೊರಗಿನಿಂದ ಒತ್ತಿಯೇ ನಿಂತ ಹೃದಯದಿಂದ ರಕ್ತ ಹರಿಸಬಹುದೆಂದು ತೋರಿಸಿದರು. 1966ರಲ್ಲಿ ಬೆಲ್‌ಫಾಸ್ಟಿನ ಫ್ರ್ಯಾಂಕ್ ಪ್ಯಾಂಟ್ರಿಜ್ ಹೃದ್ರೋಗ ಘಟಕವನ್ನೇ ಆಂಬುಲೆನ್ಸಿನಲ್ಲಿ ಕೂರಿಸಿ ರೋಗಿಯ ಮನೆಗೆ ಕಳಿಸಿದ. ಅದರಲ್ಲಿ ವೈದ್ಯರಿರುತ್ತಿದ್ದರು. ಅಮೆರಿಕದಲ್ಲಿ ಆ ಕೆಲಸ ವೈದ್ಯರಲ್ಲದವರ ಕೈಗೆ ಹೋಯಿತು. ಪಿಟ್ಸ್‌ಬರ್ಗಿನ ಬಡ ಕರಿಯ ಬಡಾವಣೆಯ ಯುವಕರನ್ನು ತರಬೇತುಗೊಳಿಸಿ 1967ರಲ್ಲಿ ಶುರುವಾದ ಫ್ರೀಡಂ ಹೌಸ್ ಆಂಬುಲೆನ್ಸ್, ಮಯಾಮಿ ಮತ್ತು ಸಿಯಾಟಲ್‌ನ ಅಗ್ನಿಶಾಮಕ ದಳಗಳು ಈ ಹೊಸ ವೃತ್ತಿಯನ್ನು ಕಟ್ಟಿದವು. 1970ರಲ್ಲಿ ಕ್ಯಾಲಿಫೋರ್ನಿಯಾ ಪ್ಯಾರಾಮೆಡಿಕ್‌ಗಳಿಗಾಗಿ ಕಾನೂನು ಮಾಡಿತು. ರಕ್ತನಾಳಕ್ಕೆ ಸೂಜಿ ಹಾಕಿ ಔಷಧಿ ಕೊಡುವ ಅಧಿಕಾರವೇ ಈ ಹೊಸಬರನ್ನು ಹಳೆಯ ಆಂಬುಲೆನ್ಸ್ ನೌಕರರಿಂದ ಬೇರೆ ಮಾಡಿದ್ದು. ಯುದ್ಧಭೂಮಿಯ ಎಲ್ಲ ಅನನುಕೂಲಗಳೂ ಅವರಿಗೆ ಮತ್ತೆ ಎದುರಾದವು: ಸ್ನಾನದ ಮನೆಯ ನೆಲ, ಮೆಟ್ಟಿಲ ಸಂದಿ, ನುಜ್ಜಾದ ಕಾರು, ಮಬ್ಬುಗತ್ತಲು. ಬೇಯ್ಲಿಯ ಸೂಜಿ ಮಾತ್ರ ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ.

ನಾಳ ಸಿಗದಿದ್ದರೆ ಅವರಿಗೆ ಹೇಳಿಕೊಟ್ಟಿದ್ದ ಪರ್ಯಾಯ, ಉಸಿರ್ನಾಳಕ್ಕೆ ಹಾಕಿದ ಕೊಳವೆಯ ಮೂಲಕ ಔಷಧಿಯನ್ನು ಶ್ವಾಸಕೋಶಕ್ಕೆ ಸುರಿಯುವುದು. ಅಡ್ರಿನಲಿನ್, ಅಟ್ರೋಪಿನ್, ಲಿಡೊಕೇಯ್ನ್‌ಗಳನ್ನು ದುಪ್ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಹೀಗೆ ಕೊಡುತ್ತಿದ್ದರು. ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಭರವಸೆ ಇರಲಿಲ್ಲ. ರಕ್ತವನ್ನೋ ಸಲೈನನ್ನೋ ಆ ದಾರಿಯಲ್ಲಿ ಕೊಡುವಂತೆಯೂ ಇರಲಿಲ್ಲ. ಇಷ್ಟು ದುರ್ಬಲ ಉಪಾಯ ಮೂರು ದಶಕಗಳಿಗೂ ಹೆಚ್ಚು ಕಾಲ ಮಾರ್ಗಸೂಚಿಗಳಲ್ಲಿ ಉಳಿದದ್ದು ವಿಷಾದದ ಸಂಗತಿ, ಏಕೆಂದರೆ ಅದಕ್ಕಿಂತ ಗಟ್ಟಿಯಾದದ್ದು 1940ರಲ್ಲೇ ಅಚ್ಚಾಗಿ ಗ್ರಂಥಾಲಯಗಳಲ್ಲಿ ಕುಳಿತಿತ್ತು.

ಮರಳುವಿಕೆಯ ಕಥೆಯಲ್ಲಿ ಭಾರತ ಬರುತ್ತದೆ. ಅಮೆರಿಕದ ಮಕ್ಕಳ ತಜ್ಞ ಜೇಮ್ಸ್ ಓರ್ಲೋವ್ಸ್ಕಿ ಭಾರತದಲ್ಲಿ ಕಾಲರಾ ಹರಡಿದ್ದ ಕಾಲದಲ್ಲಿ ಇಲ್ಲಿಗೆ ಬಂದಿದ್ದಾಗ, ನಿರ್ಜಲೀಕರಣದಿಂದ ನಾಳಗಳೇ ಕಾಣದ ರೋಗಿಗಳಿಗೆ ಇಲ್ಲಿನ ವೈದ್ಯರು ಮೂಳೆಯ ಮೂಲಕ ದ್ರವ ಹರಿಸುವುದನ್ನು ಕಂಡ. 1984ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಸಂಪಾದಕೀಯವೊಂದನ್ನು ಬರೆದು, ಒಂದು ಡ್ರಿಪ್ ದಾರಿಗಾಗಿ ರಾಜ್ಯವನ್ನೇ ಕೊಟ್ಟೇನು ಎಂಬರ್ಥದ ತಲೆಬರಹ ಇಟ್ಟು, ಮರೆತ ವಿಧಾನವನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆಂದು ವಾದಿಸಿದ. ವಿರಳ ಸಲಕರಣೆಯ ವಾರ್ಡುಗಳು ಬಿಡದೆ ಇಟ್ಟುಕೊಂಡಿದ್ದನ್ನು ಶ್ರೀಮಂತ ಆಸ್ಪತ್ರೆಗಳು ಹೀಗೆ ಮರಳಿ ಪಡೆದವು. ಓರ್ಲೋವ್ಸ್ಕಿಯ ಕೂಗಿಗೆ ಏಳು ವರ್ಷ ಮುಂಚೆ ವಾಲ್ಡೆಸ್ ಎಂಬ ವೈದ್ಯ ಲ್ಯಾನ್ಸೆಟ್‌ನಲ್ಲಿ ತುರ್ತು ಸ್ಥಿತಿಯ ಮಜ್ಜೆ ಡ್ರಿಪ್ ಬಗ್ಗೆ ಬರೆದಿದ್ದ, ಆದರೆ ಕಿವಿಗೊಟ್ಟವರು ಕಡಿಮೆ. 1980ರ ದಶಕದ ನಡುವಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಚಿಕ್ಕ ಮಕ್ಕಳಿಗೆ ಇದನ್ನು ಒಪ್ಪಿತು, ಮಕ್ಕಳ ಪುನಶ್ಚೇತನದ ತರಬೇತಿಯಲ್ಲಿ ಸೇರಿಸಿತು. ಮಜ್ಜೆ ಮಾರ್ಗವನ್ನು ಅಮೆರಿಕದ ಪ್ಯಾರಾಮೆಡಿಕ್‌ಗಳು ಕಲಿಯುತ್ತಿದ್ದ ಆ ವರ್ಷಗಳಲ್ಲಿ, ಅದನ್ನು ತೋರಿಸಿಕೊಟ್ಟ ಭಾರತದಲ್ಲಿ ಅಂಥ ಸಂಘಟಿತ ಆಂಬುಲೆನ್ಸ್ ಸೇವೆಯೇ ಇರಲಿಲ್ಲ. 108 ಹೈದರಾಬಾದಿನಲ್ಲಿ ಶುರುವಾದದ್ದು 2005ರಲ್ಲಿ. ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ.

ಮಕ್ಕಳಲ್ಲಿ ಒಪ್ಪಿದ್ದನ್ನು ದೊಡ್ಡವರಿಗೆ ಒಪ್ಪಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಅರಿಜೋನಾದ ಕೆನೆತ್ ಐಸರ್ಸನ್ 1980ರ ದಶಕದ ಕೊನೆಯಲ್ಲೇ ವಯಸ್ಕರ ಪಾದದ ಗಿಣ್ಣಿನ ಮೂಳೆಗೆ ಡ್ರಿಪ್ ಹಾಕಿ ವರದಿ ಮಾಡಿದ್ದ. ಮಿಲ್ವಾಕಿಯ ಆಂಬುಲೆನ್ಸ್ ಸೇವೆಯ ಐದು ವರ್ಷಗಳ ಅನುಭವ 1993ರಲ್ಲಿ ಪ್ರಕಟವಾದಾಗ ಅದರಲ್ಲಿ ಮಕ್ಕಳ ಜೊತೆ ವಯಸ್ಕರೂ ಇದ್ದರು, ಆದರೆ ವಯಸ್ಸು ಹೆಚ್ಚಾದಂತೆ ಸೋಲೂ ಹೆಚ್ಚಿತ್ತು. ಅಡ್ಡಿಯಾದದ್ದು ದಪ್ಪ ಮೂಳೆಯೊಂದೇ ಅಲ್ಲ. ಟೊಕಾಂಟಿನ್ಸ್ ಕಾಲದಲ್ಲಿ ವಯಸ್ಕರ ಎದೆಮೂಳೆಯ ಮೇಲಿನ ಜಾಗ ಖಾಲಿ ಇತ್ತು. 1960ರ ನಂತರ ಹೃದಯ ನಿಂತವನ ಎದೆಮೂಳೆಯ ಮೇಲೆ ಯಾರದಾದರೂ ಎರಡು ಕೈಗಳು ಇರಲೇಬೇಕು, ಒತ್ತುವುದನ್ನು ಅರೆಗಳಿಗೆ ನಿಲ್ಲಿಸಿದರೂ ಮೆದುಳಿಗೆ ರಕ್ತ ತಪ್ಪುತ್ತದೆ. ಹಾಗಾಗಿ ಹಳೆಯ ಜಾಗ ಹೃದಯ ಸ್ತಂಭನದ ಹೊತ್ತಿಗೆ ಕೈತಪ್ಪಿತ್ತು, ಹೊಸ ಜಾಗಕ್ಕೆ ಸೂಜಿ ಇಳಿಯುತ್ತಿರಲಿಲ್ಲ. ವಯಸ್ಕರಲ್ಲಿ ಈ ಮಾರ್ಗ ಕಾದದ್ದು ಒಳ್ಳೆಯ ಸಾಧನಕ್ಕೆ.

ಸಾಧನಗಳು ಮೂರು ಕಡೆಯಿಂದ, ಮೂರು ಬೇರೆ ಆಲೋಚನೆಗಳಿಂದ ಬಂದವು. ಕೆನಡಾದ ವ್ಯಾಂಕೂವರ್‌ನ ಪಿಂಗ್ ಮೆಡಿಕಲ್ ಸಂಸ್ಥೆ ಎದೆಮೂಳೆಯನ್ನೇ ಹಿಡಿಯಿತು, ಆದರೆ ಕೈ ಒತ್ತುವ ಜಾಗ ಬಿಟ್ಟು ಅದರ ಮೇಲ್ತುದಿಯನ್ನು. ಅದರ ಫಾಸ್ಟ್-ಒನ್ ಸಾಧನದಲ್ಲಿ ಕೊರಳ ಕೆಳಗಿನ ಕುಳಿಗೆ ಹೊಂದಿಸಿ ಅಂಟಿಸುವ ಗುರುತುಪಟ್ಟಿ ಇತ್ತು, ಸುತ್ತಲೂ ಇರುವ ಸಣ್ಣ ಸೂಜಿಗಳು ಮೂಳೆಯ ಮೇಲ್ಮೈ ಎಲ್ಲಿದೆಯೆಂದು ಮುಟ್ಟಿ ನೋಡಿ, ನಡುವಿನ ಕೊಳವೆ ನಿಗದಿತ ಆಳಕ್ಕಷ್ಟೇ ಇಳಿಯುವಂತೆ ಮಾಡುತ್ತಿದ್ದವು. ಬೇಯ್ಲಿಯ ಕಾಲದ ಭಯಕ್ಕೆ ಅದು ಯಂತ್ರದ ಉತ್ತರ. 1997ರಲ್ಲಿ ಅದಕ್ಕೆ ಅಮೆರಿಕದ ಅನುಮತಿ ಸಿಕ್ಕಿತು. ಸೇನೆಯ ವೈದ್ಯಕೀಯ ಸಿಬ್ಬಂದಿ ಅದನ್ನು ಬಳಸಿದರು. ಇಸ್ರೇಲಿನ ಮಾರ್ಕ್ ವೈಸ್‌ಮನ್ ಸ್ಪ್ರಿಂಗ್ ಬಲದಿಂದ ಸೂಜಿಯನ್ನು ಮೂಳೆಯೊಳಗೆ ಹಾರಿಸುವ ‘ಬೋನ್ ಇಂಜೆಕ್ಷನ್ ಗನ್’ ರೂಪಿಸಿ, ವಯಸ್ಕರಲ್ಲಿ ಬಳಸಿದ ವರದಿಯನ್ನು ಅದೇ 1997ರಲ್ಲಿ ಪ್ರಕಟಿಸಿದ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ತುರ್ತು ವೈದ್ಯ ಲ್ಯಾರಿ ಮಿಲ್ಲರ್ ಬಡಗಿಯ ಕೆಲಸಕ್ಕೆ ಹತ್ತಿರವಾದ ದಾರಿ ಹಿಡಿದ: ಸೂಜಿಯನ್ನು ತಳ್ಳುವುದೂ ಬೇಡ, ಹಾರಿಸುವುದೂ ಬೇಡ, ಕೊರೆಯಬೇಕು. ಆತನ ವಿಡಾಕೇರ್ ಸಂಸ್ಥೆಯ ಇ-ಝಡ್-ಐಓ ಡ್ರಿಲ್‌ಗೆ 2004ರಲ್ಲಿ ಅನುಮತಿ ಸಿಕ್ಕಿತು.

ಈ ಡ್ರಿಲ್ ಉಳಿದೆಲ್ಲವನ್ನೂ ಹಿಂದಕ್ಕೆ ಹಾಕಿತು. ಅದರ ಸೂಜಿ ಹದಿನೈದು ಗೇಜ್ ದಪ್ಪ. ಉದ್ದ ಮೂರು ಬಗೆ. 15 ಮಿಲಿಮೀಟರಿನದು ಗುಲಾಬಿ, 25ರದು ನೀಲಿ, 45ರದು ಹಳದಿ. ಮಗುವಿಗೆ, ಸಾಮಾನ್ಯ ವಯಸ್ಕನಿಗೆ, ಮೈ ಹೆಚ್ಚಿರುವವನಿಗೆ ಅಥವಾ ಭುಜಕ್ಕೆ ಯಾವುದು ಎಂಬುದನ್ನು ಬಣ್ಣವೇ ಹೇಳುತ್ತದೆ. ಮೊಣಕಾಲು ಚಿಪ್ಪಿನ ಕೆಳಗೆ ಮುಂದಕ್ಕೆ ಉಬ್ಬಿದ ಗುಬ್ಬಿಯಿಂದ ಸುಮಾರು ಎರಡು ಸೆಂಟಿಮೀಟರ್ ಒಳಮಗ್ಗುಲಿಗೆ ಕಣಕಾಲಿನ ಮೂಳೆ ಚಪ್ಪಟೆಯಾಗಿ ಚರ್ಮದಡಿಯಲ್ಲೇ ಇದೆ. ಪ್ಯಾರಾಮೆಡಿಕ್ ಮೊದಲು ಅಲ್ಲಿ ಬೆರಳಿಡುತ್ತಾರೆ. ಮೂಳೆಗೆ ನೇರವಾಗಿ ಸೂಜಿ ಹಿಡಿದು, ಡ್ರಿಲ್ ತಿರುಗಿಸದೆಯೇ ಚರ್ಮ ತೂರಿಸಿ ಮೂಳೆ ಮುಟ್ಟಿಸುತ್ತಾರೆ. ಆಗ ಸೂಜಿಯ ಮೇಲಿನ ಕಪ್ಪು ಗೆರೆ ಚರ್ಮದ ಹೊರಗೆ ಕಾಣುತ್ತಿರಬೇಕು, ಕಾಣದಿದ್ದರೆ ಸೂಜಿಯ ಉದ್ದ ಸಾಲದೆಂದು ಅರ್ಥ. ಆಮೇಲೆ ಗುಂಡಿ ಒತ್ತಿ ಹಗುರವಾಗಿ ಕೊರೆದರೆ ಗಟ್ಟಿ ಪದರ ದಾಟಿದೊಡನೆ ತಡೆ ತಟ್ಟನೆ ಸಡಿಲವಾಗುತ್ತದೆ. ಕಲಿಸುವವರು ಎಷ್ಟೇ ವಿವರಿಸಿದರೂ ಈ ಸಡಿಲವನ್ನು ಕೈಯೇ ಕಲಿಯಬೇಕು. ಒಳಗಿನ ಮೊನೆ ತೆಗೆದು, ಸಲೈನನ್ನು ಸಿರಿಂಜಿನಿಂದ ಜೋರಾಗಿ ನೂಕಿ ಮಜ್ಜೆಯಲ್ಲಿ ಜಾಗ ಮಾಡಿದ ಮೇಲೆಯೇ ಡ್ರಿಪ್ ಹರಿಯುವುದು. ಎತ್ತರದಲ್ಲಿ ತೂಗುಹಾಕಿದ ಬಾಟಲಿಯಿಂದ ಅದು ತೊಟ್ಟಿಕ್ಕುತ್ತದೆ ಅಷ್ಟೆ. ಸಾಕಷ್ಟು ವೇಗ ಬೇಕಾದರೆ ಚೀಲಕ್ಕೆ ಒತ್ತಡದ ಪಟ್ಟಿ ಸುತ್ತಬೇಕು.

ಪ್ರಜ್ಞೆ ಇರುವ ವಯಸ್ಕರಿಗೆ ಇದನ್ನು ಬಳಸತೊಡಗಿದಾಗ, ಪ್ರಜ್ಞಾಹೀನರಲ್ಲಿ ಗೊತ್ತಾಗದಿದ್ದ ಒಂದು ವಿಷಯ ಎದ್ದುಕಂಡಿತು. ಚುಚ್ಚುವ ನೋವು ತಾಳಬಹುದಾದದ್ದು, ಮಜ್ಜೆಯೊಳಗೆ ಒತ್ತಡದಲ್ಲಿ ದ್ರವ ನುಗ್ಗುವ ನೋವು ಮಾತ್ರ ಭಯಂಕರ. ಆದ್ದರಿಂದ ಎಚ್ಚರವಿರುವವರಿಗೆ ಮೊದಲು ಲಿಡೊಕೇಯ್ನ್ ಅನ್ನು ಮೂಳೆಯೊಳಗೇ ನಿಧಾನವಾಗಿ ಬಿಟ್ಟು, ಆಮೇಲೆ ಡ್ರಿಪ್ ಹಚ್ಚುವ ಕ್ರಮ ಬಂತು. ಮುರಿದ ಮೂಳೆಗೆ, ಕೃತಕ ಕೀಲಿರುವ ಜಾಗಕ್ಕೆ, ಸೋಂಕಿರುವ ಚರ್ಮಕ್ಕೆ, ಇತ್ತೀಚೆಗೆ ಒಮ್ಮೆ ತೂತು ಮಾಡಿದ ಅದೇ ಮೂಳೆಗೆ ಸೂಜಿ ಹಾಕುವುದಿಲ್ಲ. ಹಳೆಯ ತೂತಿನಿಂದ ದ್ರವ ಸುತ್ತಲ ಸ್ನಾಯುವಿಗೆ ಸೋರಿ ಕಾಲು ಬಿಗಿದು ಊದಿಕೊಳ್ಳಬಹುದು. ಸೂಜಿಯನ್ನು ಒಂದು ದಿನದೊಳಗೆ ತೆಗೆಯಬೇಕೆಂಬುದು ಮೂಳೆಯ ಸೋಂಕಿನ ಭಯದಿಂದ ಬಂದ ನಿಯಮ. 1985ರಲ್ಲಿ ರೊಸೆಟ್ಟಿ ಮತ್ತು ಸಂಗಡಿಗರು ಅಲ್ಲಿಯವರೆಗಿನ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ ಅಂಥ ಸೋಂಕು ಕಂಡದ್ದು ಶೇ. 0.6ರಷ್ಟು.

2005ರ ಪುನಶ್ಚೇತನ ಮಾರ್ಗಸೂಚಿಗಳು ವಯಸ್ಕರಲ್ಲೂ ಅಭಿಧಮನಿ ಸಿಗದಿದ್ದರೆ ಉಸಿರ್ನಾಳಕ್ಕಿಂತ ಮೊದಲು ಮೂಳೆಯನ್ನು ಆರಿಸಲು ಹೇಳಿದವು. ಐದು ವರ್ಷದಲ್ಲಿ ಯೂರೋಪಿನ ಪುನಶ್ಚೇತನ ಸಮಿತಿ ಉಸಿರ್ನಾಳದ ದಾರಿಯನ್ನು ಕೈಬಿಟ್ಟಿತು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳು ಅದೇ ಕಾಲದವು. ನೆಲಬಾಂಬು ಸಿಡಿದು ಎರಡೂ ಕಾಲು, ಕೆಲವೊಮ್ಮೆ ಒಂದು ತೋಳೂ ಹೋದ ಸೈನಿಕನಲ್ಲಿ ಸೂಜಿಗೆ ಜಾಗವೇ ಉಳಿದಿರುತ್ತಿರಲಿಲ್ಲ. ಹೆಲಿಕಾಪ್ಟರಿನಲ್ಲಿ ಬ್ರಿಟಿಷ್ ತಂಡಗಳು ಉಳಿದ ತೋಳಿನ ಮೇಲ್ತುದಿಗೋ ಎದೆಮೂಳೆಗೋ ಸೂಜಿ ಹಾಕಿ ರಕ್ತವನ್ನೇ ಹರಿಸಿದವು. ಬ್ರಿಟಿಷ್ ಸೇನೆಯ ಸಾವಿರ ಬಳಕೆಗಳ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. 1944ರಲ್ಲಿ ಈ ಸೂಜಿ ಏತಕ್ಕೆ ಬೇಕಾಗಿತ್ತೋ ಅದಕ್ಕೇ ಮತ್ತೆ ಬೇಕಾಗಿತ್ತು.

ನಾಗರಿಕ ಆಂಬುಲೆನ್ಸುಗಳಲ್ಲಿ ಪ್ರಶ್ನೆ ಬೇರೆಯಾಗಿ ಬೆಳೆಯಿತು. 2011ರಲ್ಲಿ ರೀಡ್ಸ್ ಮತ್ತು ಸಂಗಡಿಗರು ಆಸ್ಪತ್ರೆಯ ಹೊರಗೆ ಹೃದಯ ನಿಂತ 182 ಮಂದಿಯನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿದ ಪ್ರಯೋಗ ಪ್ರಕಟವಾಯಿತು. ಮೊದಲ ಯತ್ನದಲ್ಲೇ ದಾರಿ ಸಿಕ್ಕದ್ದು ಕಣಕಾಲಿನ ಮೂಳೆಯಲ್ಲಿ ಶೇ. 91, ತೋಳಿನ ಮೂಳೆಯಲ್ಲಿ ಶೇ. 51, ಅಭಿಧಮನಿಯಲ್ಲಿ ಶೇ. 43. ಅಂತರ ಇಷ್ಟು ದೊಡ್ಡದಿದ್ದ ಮೇಲೆ ಹಲವು ಆಂಬುಲೆನ್ಸ್ ಸೇವೆಗಳು ತೋಳಿನಲ್ಲಿ ಹುಡುಕುವುದನ್ನು ಬಿಟ್ಟು ನೇರವಾಗಿ ಡ್ರಿಲ್ ಎತ್ತಿಕೊಂಡವು. ಇದು ಅರ್ಥವಾಗುವ ನಡೆ. ಆದರೆ ಸೂಜಿ ಕೂತಿತೇ ಎಂಬುದು ಒಂದು ಪ್ರಶ್ನೆ, ರೋಗಿ ಬದುಕಿದನೇ ಎಂಬುದು ಇನ್ನೊಂದು. ಎರಡನೆಯದನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ನಂತರ ಬಂದ ಕೆಲವು ದಾಖಲೆ ಅಧ್ಯಯನಗಳಲ್ಲಿ ಮೂಳೆಯ ಮೂಲಕ ಔಷಧಿ ಪಡೆದವರು ಬದುಕುಳಿದದ್ದು ಕಡಿಮೆ ಎಂದು ಕಂಡಿತು. ಮೂಳೆಗೆ ಚುಚ್ಚುವಂತಾದದ್ದೇ ಹೆಚ್ಚು ಹದಗೆಟ್ಟ ರೋಗಿಗಳಿಗೆ ಎಂಬ ವಿವರಣೆಯೂ ಇತ್ತು, ಕಣಕಾಲಿನಿಂದ ಹೃದಯ ದೂರ ಎಂಬ ಶಂಕೆಯೂ ಇತ್ತು.

ಉತ್ತರ 2024ರಲ್ಲಿ ಮೂರು ದೇಶಗಳಿಂದ ಒಟ್ಟಿಗೇ ಬಂತು. ಬ್ರಿಟನ್ನಿನ ಪ್ಯಾರಾಮೆಡಿಕ್-3 ಪ್ರಯೋಗದಲ್ಲಿ ಆರು ಸಾವಿರಕ್ಕೂ ಹೆಚ್ಚು ವಯಸ್ಕರಿದ್ದರು. ಮೊದಲು ಮೂಳೆಗೆ ಯತ್ನಿಸಿದ ಗುಂಪಿನಲ್ಲಿ ಮೂವತ್ತು ದಿನ ಬದುಕಿದವರು ಶೇ. 4.5, ಮೊದಲು ಅಭಿಧಮನಿಗೆ ಯತ್ನಿಸಿದ ಗುಂಪಿನಲ್ಲಿ ಶೇ. 5.1. ಡೆನ್ಮಾರ್ಕಿನಲ್ಲಿ 1,479 ರೋಗಿಗಳಲ್ಲಿ ಎರಡು ಯತ್ನದೊಳಗೆ ದಾರಿ ಸಿಕ್ಕದ್ದು ಮೂಳೆಯಲ್ಲಿ ಶೇ. 92, ಅಭಿಧಮನಿಯಲ್ಲಿ ಶೇ. 80, ಆದರೆ ಹೃದಯ ಮರಳಿ ಬಡಿದು ಹಾಗೇ ಉಳಿದದ್ದು ಶೇ. 30 ಮತ್ತು ಶೇ. 29. ತೈಪೆಯಲ್ಲಿ ಸೂಜಿ ಹಾಕಿದ್ದು ಹೃದಯಕ್ಕೆ ಹತ್ತಿರವಾದ ತೋಳಿನ ಮೂಳೆಗೆ. ಅಲ್ಲೂ ಆಸ್ಪತ್ರೆಯಿಂದ ಮನೆಗೆ ಹೋದವರು ಮೂಳೆಯ ಗುಂಪಿನಲ್ಲಿ ಶೇ. 10.7, ಅಭಿಧಮನಿಯ ಗುಂಪಿನಲ್ಲಿ ಶೇ. 10.3. ಮೂರೂ ಕಡೆ ಬದುಕಿನ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಒಂದು ಕಾರಣ ಗಡಿಯಾರದಲ್ಲಿದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಡ್ರಿನಲಿನ್ ಪ್ರಯೋಗದಲ್ಲಿ ತುರ್ತು ಕರೆ ಬಂದಾಗಿನಿಂದ ಔಷಧಿ ಒಳಹೋಗುವವರೆಗೆ ಸುಮಾರು ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು. ಅಷ್ಟು ಹೊತ್ತಿಗೆ ಫಲಿತಾಂಶವನ್ನು ಬಹುಪಾಲು ನಿರ್ಧರಿಸಿರುವುದು ಎದೆ ಒತ್ತಲು ಯಾರಾದರೂ ಬೇಗ ತೊಡಗಿದರೇ, ವಿದ್ಯುತ್ ಆಘಾತ ಬೇಗ ಸಿಕ್ಕಿತೇ ಎಂಬ ಸಂಗತಿ. ಸೂಜಿಯ ದಾರಿಯಲ್ಲಿ ಉಳಿಯುವ ಒಂದೆರಡು ನಿಮಿಷ ಅದರ ಮುಂದೆ ಸಣ್ಣದು.

ಈ ಫಲಿತಾಂಶಗಳ ಮೇಲೆ ಪುನಶ್ಚೇತನ ಸಮಿತಿಗಳ ಅಂತರರಾಷ್ಟ್ರೀಯ ಒಕ್ಕೂಟ ಹೃದಯ ಸ್ತಂಭನದ ವಯಸ್ಕರಿಗೆ ಕ್ರಮವನ್ನು ಮತ್ತೆ ಜೋಡಿಸಿದೆ: ಮೊದಲು ಅಭಿಧಮನಿ, ಎರಡು ಯತ್ನದಲ್ಲಿ ಬೇಗ ಸಿಗದಿದ್ದರೆ ಮೂಳೆ. ಪ್ರಯೋಗಗಳು ನಡೆದದ್ದು ಹೃದಯ ನಿಂತವರ ಮೇಲೆ, ರಕ್ತ ಸುರಿಯುತ್ತಿರುವ ಗಾಯಾಳುಗಳ ಮೇಲಲ್ಲ, ಸುಟ್ಟವರ ಮೇಲೂ ಅಲ್ಲ. ನಾಳ ಸಿಗಲೇ ಇಲ್ಲವೆಂಬ ರೋಗಿಗೆ ಮೂಳೆಯ ಬದಲು ಏನೂ ಕೊಡದೆ ಬಿಟ್ಟು ನೋಡಿದ ಪ್ರಯೋಗವೂ ಅಲ್ಲ ಅವು. ಅಂಥವರಿಗಾಗಿ ಡ್ರಿಲ್ ಆಂಬುಲೆನ್ಸ್ ಪೆಟ್ಟಿಗೆಯಲ್ಲೇ ಇದೆ, ಮೊದಲ ಆಯ್ಕೆಯ ಜಾಗದಿಂದ ಎರಡನೆಯದಕ್ಕೆ ಸರಿದು.